ಧರ್ಮರಾಯನಿಗೊಂದು ನ್ಯಾಯ, ಪಕ್ಕದ ಮನೆಯವನಿಗೊಂದು

ನಲವತ್ತು, ನಲವತ್ತೈದು ವರ್ಷಕ್ಕೇ ಲಿವರ್ ಕೆಟ್ಟು ತೀರಿಕೊಂಡವನ ಮನೆ ಮುಂದೆ ಶಾಮಿಯಾನ ಹಾಕಿರುತ್ತಾರೆ. ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರ ಬಾಯಲ್ಲಿ ಬರುವ ಮಾತು ಎಲ್ಲ ಊರಲ್ಲೂ ಒಂದೇ: ‘ಎಷ್ಟು ಹೇಳಿದ್ರೂ ಕೇಳಲಿಲ್ಲ. ಕುಡಿದೂ ಕುಡಿದೂ ಸತ್ತ.’ ಅಷ್ಟು ಹೇಳಿ ನಾವು ಅಡಿಕೆ ರೇಟಿನ ಮಾತಿಗೋ ಮಳೆಯ ಮಾತಿಗೋ ಹೊರಳುತ್ತೇವೆ.

ಎಷ್ಟು ಹೇಳಿದ್ದೆವು? ಏನು ಹೇಳಿದ್ದೆವು? ದಾರಿಯಲ್ಲಿ ಸಿಕ್ಕಾಗ ‘ಹೆಂಡ್ತಿ ಮಕ್ಕಳ ಮುಖ ನೋಡಾದ್ರೂ ಬಿಡೋ’ ಎಂದು ಗದರಿದ್ದೆವು. ಮದುವೆಮನೆಯಲ್ಲಿ ತೂರಾಡಿದಾಗ ಕೈ ಹಿಡಿದು ಆಚೆಗೆ ದಬ್ಬಿದ್ದೆವು. ಅವನ ಜೊತೆ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ, ಚೀಟಿ ಮಾಡಿಸಿ, ಸಾಲಿನಲ್ಲಿ ನಿಂತವರು ಆ ಶಾಮಿಯಾನದ ಕೆಳಗೆ ಎಷ್ಟು ಮಂದಿ ಇರುತ್ತಾರೆ? ಬೈದದ್ದನ್ನೇ ಬುದ್ಧಿವಾದ ಎಂದುಕೊಂಡು, ನಮ್ಮ ಪಾಲಿನದು ಮುಗಿಯಿತೆಂದು ನೆಮ್ಮದಿಯಾಗಿದ್ದೇವೆ. ಈ ನೆಮ್ಮದಿ ತಪ್ಪು. ವ್ಯಸನಕ್ಕೆ ಬಿದ್ದವರ ಬಗ್ಗೆ ನಾವು ರೂಢಿ ಮಾಡಿಕೊಂಡಿರುವ ತಾತ್ಸಾರ ಜೀವ ತೆಗೆಯುತ್ತಿದೆ. ಅದನ್ನು ಮೆತ್ತಗೆ ಹೇಳುವ ಕಾಲ ಕಳೆದಿದೆ.

ನಮ್ಮ ಕಥೆಗಳಲ್ಲಿ ಜೂಜಿನ ಚಟಕ್ಕೆ ಬಿದ್ದವರಲ್ಲಿ ಎಲ್ಲರಿಗಿಂತ ಹೆಸರಾದವನು ಯಾರು? ಧರ್ಮರಾಯ. ರಾಜ್ಯ ಪಣಕ್ಕಿಟ್ಟ, ತಮ್ಮಂದಿರನ್ನು ಇಟ್ಟ, ತನ್ನನ್ನೇ ಇಟ್ಟ, ಕೊನೆಗೆ ಕಟ್ಟಿಕೊಂಡ ಹೆಂಡತಿಯನ್ನು ಇಟ್ಟ. ಅಷ್ಟೂ ಹೋಗಿ, ಧೃತರಾಷ್ಟ್ರ ಕರೆದು ಅಷ್ಟನ್ನೂ ಹಿಂದಕ್ಕೆ ಕೊಟ್ಟ ಮೇಲೆ, ಅರ್ಧ ದಾರಿಯಿಂದ ಮತ್ತೆ ಕರೆ ಬಂತು. ಮುಂದೆ ಏನಾಗುತ್ತದೆಂದು ಗೊತ್ತಿದ್ದೂ ಮತ್ತೆ ಹೋಗಿ ಅದೇ ಹಾಸಿನ ಮುಂದೆ ಕೂತ. ಹನ್ನೆರಡು ವರ್ಷ ಕಾಡು, ಒಂದು ವರ್ಷ ಅಜ್ಞಾತವಾಸ ಬಂದದ್ದು ಆ ಎರಡನೆಯ ಆಟದಿಂದ. ಇಷ್ಟಾದರೂ ನಾವು ಅವನನ್ನು ಜೂಜುಕೋರ ಎನ್ನುವುದಿಲ್ಲ, ಧರ್ಮರಾಯ ಎನ್ನುತ್ತೇವೆ. ಸರಿಯಾಗಿಯೇ ಅನ್ನುತ್ತೇವೆ. ಒಬ್ಬ ಮನುಷ್ಯ ಅವನ ವ್ಯಸನಕ್ಕಿಂತ ದೊಡ್ಡವನು ಎಂದು ಗದುಗಿನ ಭಾರತ ಓದಿಸಿ ಕೇಳಿದ ನಮ್ಮ ಅಜ್ಜಂದಿರಿಗೆ, ರಾತ್ರಿಯಿಡೀ ಬಯಲಾಟ ನೋಡಿದ ನಮ್ಮ ಅಜ್ಜಿಯರಿಗೆ ತಿಳಿದಿತ್ತು. ಅದಕ್ಕೂ ಬಹಳ ಹಿಂದೆ ಋಗ್ವೇದದ ಹತ್ತನೆಯ ಮಂಡಲದಲ್ಲೇ ಜೂಜುಕೋರನೊಬ್ಬನ ಅಳಲಿಗೆ ಒಂದು ಇಡೀ ಸೂಕ್ತ ಮೀಸಲಾಗಿದೆ. ಬಿಡಬೇಕೆಂದುಕೊಂಡು ಬಿಡಲಾಗದ ಸಂಕಟ ಮನುಷ್ಯಕುಲದಷ್ಟೇ ಹಳೆಯದು.

ಧರ್ಮರಾಯನಿಗೆ ಕೊಟ್ಟ ಈ ನ್ಯಾಯವನ್ನು ಪಕ್ಕದ ಮನೆಯವನಿಗೆ ಕೊಡಲು ನಮಗೇನು ಅಡ್ಡಿ? ಅವನು ‘ಕುಡುಕ’. ಅವನ ಮಗ ಶಾಲೆಯಲ್ಲಿ ‘ಕುಡುಕನ ಮಗ’. ಅವನ ಮಗಳಿಗೆ ಸಂಬಂಧ ಬಂದರೆ ನಾವೇ ಹೋಗಿ ಕಿವಿ ಊದಿ ಬರುತ್ತೇವೆ.

ವ್ಯಸನ ಬೇರೆಯವರ ಜಾತಿ, ನಮ್ಮದಲ್ಲ ಎಂದುಕೊಂಡಿರುವುದೇ ಮೊದಲ ಮೈಮರೆವು. 2016-17ರ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇಕಡ 28.6ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಎಲೆ ಅಡಿಕೆ ತಟ್ಟೆಯಲ್ಲಿ ಹೊಗೆಸೊಪ್ಪೋ ಕಡ್ಡಿಪುಡಿಯೋ ಇಲ್ಲದಿದ್ದರೆ ಊಟವೇ ಇಳಿಯದ ಅಜ್ಜಿಯನ್ನು ಯಾರೂ ವ್ಯಸನಿ ಎನ್ನುವುದಿಲ್ಲ. ಬೆಳಿಗ್ಗೆ ಸಿಗರೇಟಿಲ್ಲದೆ ಶೌಚಕ್ಕೆ ಹೋಗಲಾರದ ಮೇಷ್ಟ್ರು ಗೌರವಸ್ಥರು. ಮಗು ಎದುರು ನಿಂತು ಮಾತಾಡುತ್ತಿದ್ದರೂ ಮೊಬೈಲಿನಿಂದ ಕಣ್ಣೆತ್ತದ ಅಪ್ಪ ಅಮ್ಮ ‘ಬಿಜಿ’. ಫೋನು, ಗೇಮುಗಳಿಂದ ಬಿಡಿಸಿಕೊಳ್ಳಲಾಗದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಬೇರೆ ಚಿಕಿತ್ಸಾಲಯ ತೆರೆಯಬೇಕಾಯಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಬೇಕಾಯಿತು. ಓದಿದವರು, ಸಂಬಳದವರು, ಮನೆಯಲ್ಲಿ ಯಾರಿಗೂ ಹೇಳದೆ ಪಿಎಫ್ ಬಿಡಿಸಿ ರಮ್ಮಿ ಆಡಿದವರು ಆ ಆಟಗಳಿಗೆ ಬಿದ್ದವರಲ್ಲಿದ್ದರು. ಹಿಡಿದ ವಸ್ತು ಯಾವುದು, ಅದು ಎಷ್ಟು ಬೇಗ ದೇಹವನ್ನೂ ಮರ್ಯಾದೆಯನ್ನೂ ತಿನ್ನುತ್ತದೆ ಎನ್ನುವುದಷ್ಟೇ ವ್ಯತ್ಯಾಸ. ಹಿಡಿತಕ್ಕೆ ಸಿಕ್ಕುವ ಮಿದುಳು ಎಲ್ಲರದ್ದೂ ಒಂದೇ. ನಿಮ್ಮ ಹಿಡಿತ ಅಗ್ಗದ್ದೋ ಮರ್ಯಾದಸ್ಥರದ್ದೋ ಆಗಿದ್ದರೆ ಅದು ನಿಮ್ಮ ಅದೃಷ್ಟ. ಅದನ್ನು ಗುಣ ಎಂದು ಹೇಳಿಕೊಂಡು ತಿರುಗಬೇಡಿ.

ಎರಡನೆಯ ಮೈಮರೆವು, ‘ಮನಸ್ಸು ಮಾಡಿದ್ರೆ ಬಿಡಬಹುದು’ ಎಂಬ ಮಾತು. ಜಿಲ್ಲಾ ಆಸ್ಪತ್ರೆಯ ಮೂಳೆ ವಾರ್ಡಿಗೆ ಹೋಗಿ ನೋಡಿ. ಸಾರವೆಯಿಂದ ಬಿದ್ದು ಕಾಲು ಮುರಿದ ಗಾರೆ ಕೆಲಸದವನು ಸೇರಿಕೊಂಡಿರುತ್ತಾನೆ. ಹತ್ತು ಹದಿನೈದು ವರ್ಷದಿಂದ ದಿನಾ ಕುಡಿದವನು. ಕೇಳಿದವರಿಲ್ಲ, ಹೇಳಿದವರಿಲ್ಲ. ಮೊದಲ ದಿನ ಸಂಜೆಗೇ ಕೈ ನಡುಗುತ್ತದೆ, ಚಹಾದ ಲೋಟ ತುಟಿಗೆ ಬರುವುದರೊಳಗೆ ಅರ್ಧ ಚೆಲ್ಲುತ್ತದೆ. ಎರಡನೆಯ ದಿನ ನಿದ್ದೆಯಿಲ್ಲ, ಮೈಯೆಲ್ಲ ಬೆವರು. ಕೆಲವರಿಗೆ ಫಿಟ್ಸೇ ಬಂದುಬಿಡುತ್ತದೆ. ಮೂರನೆಯ ರಾತ್ರಿ ಗೋಡೆಯ ಮೇಲೆ ಇರುವೆ ಸಾಲು ಕಾಣುತ್ತದೆ, ಹೊದಿಕೆಯಿಂದ ಇಲ್ಲದ ಹುಳು ಹೆಕ್ಕುತ್ತಾನೆ. ಕರಣೆ ಹಿಡಿದವನಂತೆ ಗಾಳಿಯಲ್ಲಿ ಗಾರೆ ಮೆತ್ತುತ್ತಾನೆ, ಸತ್ತುಹೋದ ಮೇಸ್ತ್ರಿಯ ಹೆಸರು ಕೂಗಿ ಇಟ್ಟಿಗೆ ಕೇಳುತ್ತಾನೆ. ಪಕ್ಕದ ಹಾಸಿಗೆಯವರು ‘ಗಾಳಿ ಸೋಕಿದೆ’ ಅನ್ನುತ್ತಾರೆ. ಹೆಂಡತಿ ತಾಯತಕ್ಕೆ ಓಡುತ್ತಾಳೆ. ಬ್ಯಾಂಡೇಜ್ ಬಟ್ಟೆಯಲ್ಲಿ ಅವನ ಕೈಗಳನ್ನು ಮಂಚಕ್ಕೆ ಕಟ್ಟುತ್ತಾರೆ.

ಇದು ಗಾಳಿಯೂ ಅಲ್ಲ, ನಾಟಕವೂ ಅಲ್ಲ. ವರ್ಷಗಟ್ಟಲೆ ಮದ್ಯ ಮಂಕು ಹಿಡಿಸಿದ ಮಿದುಳು ಆ ಮಂಕನ್ನು ಮೀರಲು ತನ್ನೊಳಗಿನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯ ದಿಢೀರನೆ ನಿಂತಾಗ ಆ ಉದ್ರೇಕಕ್ಕೆ ತಡೆಯೇ ಇಲ್ಲ. ವೈದ್ಯರು ಇದನ್ನು ಡಿಲೀರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಸಿಕ್ಕರೆ ಬಹುಪಾಲು ಜನ ಕೆಲವೇ ದಿನಗಳಲ್ಲಿ ಸುಧಾರಿಸುತ್ತಾರೆ. ಬೇಕಾದ ಮಾತ್ರೆಗಳು ದುಬಾರಿಯವೂ ಅಲ್ಲ, ಅಪರೂಪದವೂ ಅಲ್ಲ. ‘ಗಂಡಸಾದ್ರೆ ಇವತ್ತಿಂದ್ಲೇ ಬಿಡು’ ಎಂದು ಸವಾಲು ಹಾಕಿ ದೀರ್ಘಕಾಲ ಕುಡಿದವನನ್ನು ಮನೆಯಲ್ಲಿ ಕೂಡಿಹಾಕುವವರು ಅವನನ್ನು ಯಾವ ಗಂಡಾಂತರಕ್ಕೆ ನೂಕುತ್ತಿದ್ದಾರೆಂದು ತಿಳಿದಿರಬೇಕು. ಸುಸ್ತಾದ ಎಂದು ಊರಿನ ಕ್ಲಿನಿಕ್ಕಿಗೆ ಎತ್ತಿಕೊಂಡು ಹೋಗಿ ‘ಒಂದು ಗ್ಲೂಕೋಸ್ ಹಾಕಿ ಕಳಿಸಿ’ ಎನ್ನುವುದೂ ಅಂಥದ್ದೇ ರೂಢಿ. ಕುಡಿತದಿಂದ ಬಿ1 ವಿಟಮಿನ್ ಬರಿದಾದ ದೇಹಕ್ಕೆ ಅದನ್ನು ಕೊಡದೆ ಬರೀ ಗ್ಲೂಕೋಸ್ ಹರಿಸಿದರೆ ಮಿದುಳಿಗೆ ಶಾಶ್ವತ ಪೆಟ್ಟು ಬೀಳುವ ಅಪಾಯವಿದೆ. ನೆನಪಿನ ಶಕ್ತಿ ಮತ್ತೆ ಬಾರದಂತೆ ಹೋಗಬಹುದು.

2020ರ ಮಾರ್ಚ್ 25ರಂದು ಲಾಕ್‌ಡೌನ್ ಆಗಿ ಮದ್ಯದಂಗಡಿಗಳು ಒಮ್ಮೆಲೇ ಮುಚ್ಚಿದಾಗ ಇಡೀ ನಾಡಿಗೆ ಈ ಪಾಠ ಕಣ್ಣೆದುರೇ ಆಯಿತು. ಬೆಂಗಳೂರಿನ ಆಸ್ಪತ್ರೆಗಳಿಗೆ ಕುಡಿತ ನಿಂತ ಕಾರಣಕ್ಕೇ ತೀವ್ರ ಅಸ್ವಸ್ಥರಾಗಿ ಬರುವವರು ಹೆಚ್ಚಿದರು. ಮದ್ಯ ಸಿಗದೆ ಪ್ರಾಣ ಕಳೆದುಕೊಂಡವರ ಸುದ್ದಿ ದಿನಾ ಬರುತ್ತಿತ್ತು. ನಾವೇನು ಮಾಡಿದೆವು? ಮೇ 4ರಂದು ಅಂಗಡಿಗಳು ತೆರೆದಾಗ ಕಿಲೋಮೀಟರುಗಟ್ಟಲೆ ನಿಂತ ಸಾಲಿನ ವಿಡಿಯೊ ಮಾಡಿ, ಹಿಂದೆ ಹಾಡು ಹಾಕಿ, ವಾಟ್ಸ್‌ಆ್ಯಪಿನಲ್ಲಿ ಹಂಚಿ ನಕ್ಕೆವು. ಆ ಸಾಲಿನಲ್ಲಿ ಕೈ ನಡುಗುತ್ತಾ ನಿಂತಿದ್ದ ರೋಗಿಗಳೂ ಇದ್ದರು. ಬೇರೆ ಯಾವ ಕಾಯಿಲೆಯವರ ಸಾಲನ್ನು ನೋಡಿ ನಾವು ಹಾಗೆ ನಗುತ್ತಿದ್ದೆವು?

ಇನ್ನು ನಾವು ಕಂಡುಕೊಂಡಿರುವ ಮದ್ದುಗಳು. ಮೊದಲನೆಯದು ಮದುವೆ: ‘ಒಂದು ಮೂಗುದಾರ ಹಾಕಿದ್ರೆ ಸರಿಹೋಗ್ತಾನೆ.’ ಡಾಕ್ಟರು ಮಾಡಬೇಕಾದ ಕೆಲಸವನ್ನು ಇಪ್ಪತ್ತೆರಡು ವರ್ಷದ ಹುಡುಗಿಯ ಕೊರಳಿಗೆ ಕಟ್ಟುತ್ತೇವೆ. ಅವನು ಸರಿಹೋಗದಿದ್ದರೆ ‘ಇವಳು ಸರಿಯಾಗಿದ್ದಿದ್ರೆ ಅವನ್ಯಾಕೆ ಕುಡೀತಿದ್ದ’ ಎಂದು ಅವಳನ್ನೇ ದೂರುತ್ತೇವೆ. ಎರಡನೆಯದು ಆಣೆ. ದೇವರ ಮುಂದೆ ಕರ್ಪೂರ ಹಚ್ಚಿಸಿ ಪ್ರಮಾಣ ಮಾಡಿಸುತ್ತೇವೆ. ಹದಿನೈದು ದಿನಕ್ಕೆ ಅದು ಮುರಿದರೆ ಕುಡಿತದ ಮೇಲೆ ದೈವದ ಭಯವನ್ನೂ ಅವನ ತಲೆಗೆ ಹೇರಿದಂತಾಯಿತು. ಮೂರನೆಯದು ಬಸ್‌ಸ್ಟ್ಯಾಂಡಿನ ಗೋಡೆಯ ಪೋಸ್ಟರು: ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ.’ ಸಾರಿನಲ್ಲಿ ಕದ್ದು ಬೆರೆಸುವ ಪುಡಿಯಲ್ಲಿ ಏನಿದೆಯೆಂದು ಕೊಟ್ಟವನೂ ಹೇಳುವುದಿಲ್ಲ, ತಂದವರೂ ಕೇಳುವುದಿಲ್ಲ. ಡೈಸಲ್ಫಿರಾಂ ಎಂಬ ಔಷಧ ನಿಜಕ್ಕೂ ಇದೆ. ರೋಗಿಗೆ ತಿಳಿಸಿ, ಒಪ್ಪಿಸಿ, ವೈದ್ಯರ ಕಣ್ಗಾವಲಲ್ಲಿ ಕೊಡಬೇಕಾದದ್ದು. ಗೊತ್ತಿಲ್ಲದೆ ಅದು ಹೊಟ್ಟೆಯಲ್ಲಿರುವಾಗ ಕುಡಿದವನ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ನಾಲ್ಕನೆಯದು, ದುಡ್ಡು ಕಟ್ಟಿ ಯಾವುದೋ ಬಾಡಿಗೆ ಮನೆಯ ‘ಸೆಂಟರಿ’ಗೆ ಹಾಕಿ, ಬೀಗ ಜಡಿಸಿ, ಮೂರು ತಿಂಗಳು ತಿರುಗಿ ನೋಡದೆ ಇರುವುದು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲೇ ಸೇರಿಸಿದೆ. ಸರಪಳಿ ಕಟ್ಟುವುದನ್ನು ಅದು ನಿಷೇಧಿಸಿದೆ, ಇಂಥ ಕೇಂದ್ರಗಳ ನೋಂದಣಿಯನ್ನು ಕಡ್ಡಾಯ ಮಾಡಿದೆ. ನೋಂದಣಿ ಇದೆಯೇ, ಮನೋವೈದ್ಯರು ಬರುತ್ತಾರೆಯೇ ಎಂದು ಕೇಳದೆ ಮಗನನ್ನು ಒಪ್ಪಿಸಿ ಬಂದವರು ಚಿಕಿತ್ಸೆ ಕೊಡಿಸಲಿಲ್ಲ, ಪೀಡೆ ಕಳೆದುಕೊಂಡರು.

ಮತ್ತೆ ಹಿಡಿದನೆಂದರೆ ಮುಗಿಯಿತು. ‘ನಾಯಿ ಬಾಲ ಡೊಂಕೇ’ ಎಂಬ ಗಾದೆ ಹೊರಗೆ ಬರುತ್ತದೆ. ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಸ್ಥೆಯ ಲೆಕ್ಕದಂತೆ ಚಿಕಿತ್ಸೆ ಪಡೆದವರಲ್ಲಿ ಶೇಕಡ 40ರಿಂದ 60ರಷ್ಟು ಜನರಿಗೆ ವ್ಯಸನ ಮರುಕಳಿಸುತ್ತದೆ. ಬಿಪಿ, ಆಸ್ತಮಾ ರೋಗಿಗಳಲ್ಲೂ ಮರುಕಳಿಕೆ ಇದಕ್ಕೆ ಕಡಿಮೆಯೇನಿಲ್ಲ. ಬಿಪಿ ಮತ್ತೆ ಏರಿದ ಮಾವನಿಗೆ ‘ನಿಮಗೆ ನಾಚಿಕೆಯಾಗಲ್ವಾ’ ಎನ್ನುತ್ತೇವೆಯೇ? ಮಾತ್ರೆ ಬದಲಾಯಿಸಲು ಕರೆದುಕೊಂಡು ಹೋಗುತ್ತೇವೆ. ಅವಳಿ ಮಕ್ಕಳ ಮೇಲಿನ ಅಧ್ಯಯನಗಳು ಮದ್ಯವ್ಯಸನದ ಸಂಭವದಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಯದು ಎಂದು ತೋರಿಸಿವೆ. ಇಬ್ಬರು ಗೆಳೆಯರು ಒಂದೇ ದಿನ ಮೊದಲ ಗುಟುಕು ಕುಡಿದು, ಒಬ್ಬ ಅಲ್ಲೇ ನಿಂತು ಇನ್ನೊಬ್ಬ ಮುಳುಗಿದರೆ, ನಿಂತವನು ಹೆಚ್ಚು ಒಳ್ಳೆಯವನೆಂದು ಅರ್ಥವಲ್ಲ. ಧರ್ಮರಾಯ ಎರಡನೆಯ ಸಲ ಹೋಗಿ ಕೂತದ್ದನ್ನು ಅರ್ಥ ಮಾಡಿಕೊಳ್ಳುವ ನಾವು ಇದನ್ನೂ ಅರ್ಥ ಮಾಡಿಕೊಳ್ಳಬಲ್ಲೆವು. ಮಾಡಿಕೊಳ್ಳುವುದಿಲ್ಲ, ಏಕೆಂದರೆ ಗಾದೆ ಹೇಳುವುದು ಸುಲಭ, ಮತ್ತೊಮ್ಮೆ ಬಸ್ಸು ಹತ್ತುವುದು ಕಷ್ಟ.

ಈ ತಾತ್ಸಾರದ ಫಲ ಲೆಕ್ಕದಲ್ಲೇ ಇದೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆ, ದೇಶದಲ್ಲಿ 5.7 ಕೋಟಿಗೂ ಹೆಚ್ಚು ಜನರಿಗೆ ಕುಡಿತದ ತೊಂದರೆಗೆ ನೆರವು ಬೇಕಾಗಿದೆ ಎಂದಿತು. ಮದ್ಯಕ್ಕೆ ದಾಸರಾದವರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು 38 ಜನರಲ್ಲಿ ಒಬ್ಬರಿಗೆ. ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಆಸ್ಪತ್ರೆ ದೂರ, ವೈದ್ಯರ ಕೊರತೆ, ಎಲ್ಲ ನಿಜ. ಆದರೆ ಹತ್ತಿರ ಇದ್ದರೂ ಜನ ಯಾಕೆ ಹೋಗುವುದಿಲ್ಲ? ಓಪಿಡಿ ಚೀಟಿಯಲ್ಲಿ ಗಂಡನ ಕಾಯಿಲೆ ಏನೆಂದು ಬರೆಸುವಾಗ ಹೆಂಡತಿ ‘ಗ್ಯಾಸ್ಟ್ರಿಕ್’ ಅನ್ನುತ್ತಾಳೆ. ಕ್ಯೂನಲ್ಲಿ ಹಿಂದೆ ಊರಿನವರು ನಿಂತಿದ್ದಾರೆ. ಆ ಹೆಂಗಸಿನ ಬಾಯಿಂದ ನಿಜ ಹೊರಡದಂತೆ ತಡೆಯುವುದು ನಾವು. ಮೂವತ್ತೇಳು ಜನ ಬಾಗಿಲ ಹೊರಗೇ ಉಳಿದದ್ದರಲ್ಲಿ ನಮ್ಮ ನಾಲಗೆಯ ಪಾಲಿದೆ.

ನಾಲಗೆಯದ್ದಷ್ಟೇ ಅಲ್ಲ, ಕೈಯ ಪಾಲೂ ಇದೆ. ಕೊಳೆತ ಹೆಣ ಎತ್ತುವವನಿಗೆ, ಶವಾಗಾರದಲ್ಲಿ ಹೆಣ ಕೊಯ್ಯಲು ನೆರವಾಗುವವನಿಗೆ, ಕಟ್ಟಿದ ಚರಂಡಿ ಬಿಡಿಸುವವನಿಗೆ ‘ಮೊದ್ಲು ಒಂದು ಕ್ವಾರ್ಟರ್ ಹಾಕ್ಕೊಂಡು ಬಾ’ ಎಂದು ನೋಟು ಕೊಡುವವರು ಯಾರು? ಮೈಮೇಲೆ ಪ್ರಜ್ಞೆ ಇಟ್ಟುಕೊಂಡು ಯಾರೂ ಮಾಡಲಾರದ ಕೆಲಸವನ್ನು ಅವರಿಂದ ಮಾಡಿಸಿ, ಸಂಜೆ ಅವರನ್ನೇ ಕುಡುಕರೆಂದು ಕರೆಯುತ್ತೇವೆ. ಚುನಾವಣೆಯ ಹಿಂದಿನ ರಾತ್ರಿ ಹಟ್ಟಿಗೆ, ಕಾಲೊನಿಗೆ ಬಾಟಲಿ ಇಳಿಸುತ್ತೇವೆ. ರಾಜ್ಯದ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಬರಬೇಕೆಂದು ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ನಮ್ಮ ರಸ್ತೆ, ಶಾಲೆ, ಪಿಂಚಣಿಯಲ್ಲಿ ಆ ದುಡ್ಡಿದೆ. ಹೀಗಿರುವಾಗ ‘ಅವನ ಹಣೆಬರಹ, ನಮಗೇನು’ ಎನ್ನಲು ನಮಗೆ ಯಾವ ಹಕ್ಕೂ ಇಲ್ಲ. ನಿಷೇಧ ಒಂದರಿಂದಲೇ ಎಲ್ಲ ಮುಗಿಯುತ್ತದೆಂದು ಕೈತೊಳೆದುಕೊಳ್ಳುವವರೂ ನೆನಪಿಡಬೇಕು: 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಆನೇಕಲ್ ಸುತ್ತ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಪ್ಯಾಕೆಟ್ ಹೋಯಿತು. ಪ್ಯಾಕೆಟ್ಟಿಗೆ ಒಗ್ಗಿದ ಮೈಯಿಗೆ ಚಿಕಿತ್ಸೆ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟ ಮಾಡಬೇಕು. ಕರುಣೆಯೆಂದರೆ ಹೊಡೆತ ಸಹಿಸಿಕೊಳ್ಳುವುದಲ್ಲ. ಧರ್ಮರಾಯನ ಕಥೆಯಲ್ಲಿ ದ್ರೌಪದಿಯೂ ಇದ್ದಾಳೆ. ತನ್ನನ್ನೇ ಸೋತ ಮೇಲೆ ನನ್ನನ್ನು ಪಣಕ್ಕಿಡಲು ಅವನಿಗೆ ಯಾವ ಅಧಿಕಾರ ಎಂದು ಅವಳು ಕೇಳಿದ ಪ್ರಶ್ನೆಗೆ ಸಭೆಯ ಹಿರಿಯರು ಉತ್ತರ ಕೊಡಲಿಲ್ಲ. ಇಂದಿನ ಹಿರಿಯರೂ ‘ಹೊಂದಿಕೊಂಡು ಹೋಗಮ್ಮ’ ಎಂದು ಅವಳನ್ನು ಅದೇ ಮನೆಗೆ ಕಳಿಸುತ್ತಾರೆ. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಂಗಸರು ನಡೆದು ಬಂದರು. ಅವರು ಹೊತ್ತು ತಂದದ್ದು ಇದೇ ಪ್ರಶ್ನೆಯನ್ನು. ಕುಡಿದು ಕೈಮಾಡುವವನು ರೋಗಿಯೂ ಹೌದು, ತಪ್ಪಿತಸ್ಥನೂ ಹೌದು. ಅವನಿಗೆ ಚಿಕಿತ್ಸೆ ಬೇಕು, ಅವಳಿಗೆ ರಕ್ಷಣೆ ಬೇಕು; ಒಂದಕ್ಕಾಗಿ ಇನ್ನೊಂದನ್ನು ಕಾಯಿಸಬಾರದು. 181 ಮಹಿಳಾ ಸಹಾಯವಾಣಿ ಇರುವುದು ಅದಕ್ಕೇ. ಅಲ್ಲಿಗೆ ಫೋನು ಮಾಡಿದವಳು ಗಂಡನ ಮಾನ ಕಳೆದಳೆಂದು ಹೇಳುವ ನಾಲಗೆಯೂ ಈ ಛೀಮಾರಿಗೆ ಅರ್ಹ.

ಹಾಗಾದರೆ ಏನು ಮಾಡಬೇಕು? ಮಾಡಬೇಕಾದದ್ದು ಗೊತ್ತಿಲ್ಲವೆಂದು ನಾವು ನೆಪ ಹೇಳುವಂತಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಡೆದ ಪ್ರಯೋಗ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ಮನೋಚೈತನ್ಯ ಕಾರ್ಯಕ್ರಮವಿದೆ. 14416ಕ್ಕೆ ಕರೆ ಮಾಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. 14446 ವ್ಯಸನಮುಕ್ತಿಗೆಂದೇ ಇರುವ ಸಹಾಯವಾಣಿ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಫೀಸಿಲ್ಲ, ಹೆಸರು ಕೇಳುವುದಿಲ್ಲ. 1935ರಲ್ಲಿ ಅಮೆರಿಕದಲ್ಲಿ ಅದನ್ನು ಶುರುಮಾಡಿದ್ದೂ ಕುಡಿತಕ್ಕೆ ಸೋತ ಇಬ್ಬರು, ಅವರಲ್ಲೊಬ್ಬರು ಸರ್ಜನ್. ನಮ್ಮ ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳ ನಂತರ ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಒಟ್ಟಿಗೆ ಸೇರಿಸುತ್ತಾರೆ. ಬಿಡುವುದಕ್ಕಿಂತ ಬಿಟ್ಟಮೇಲೆ ಉಳಿಯುವುದಕ್ಕೆ ಜೊತೆ ಬೇಕೆನ್ನುವುದು ಅಲ್ಲಿರುವವರಿಗೆ ಗೊತ್ತು.

ಆ ಜೊತೆ ನಾವಾಗಬೇಕು. ಅವನ ಅಮಲು ಇಳಿದಿರುವ ಬೆಳಿಗ್ಗೆ ಹೊತ್ತಲ್ಲಿ ಹೋಗಿ ಮಾತಾಡಿ. ಬೈಗುಳ ಬೇಡ, ಭಾಷಣ ಬೇಡ. ‘ಮಂಗಳವಾರ ನಾನೂ ಬರ್ತೀನಿ, ಹೋಗಣ’ ಎನ್ನಿ. ಡಾಕ್ಟರಿಗೆ ಎಷ್ಟು ಕುಡಿಯುತ್ತಾನೆಂದು ನಿಜ ಹೇಳಿ. ಕುಡಿತ ಬಿಟ್ಟವನಿಗೆ ಬೀಗರ ಊಟದಲ್ಲಿ, ಗೆಳೆಯರ ಪಾರ್ಟಿಯಲ್ಲಿ ‘ಒಂದೇ ಒಂದು ಪೆಗ್, ಏನಾಗಲ್ಲ’ ಎಂದು ಲೋಟ ಹಿಡಿಯಬೇಡಿ. ಹಿಡಿದವನನ್ನು ಅಲ್ಲೇ ತಡೆಯಿರಿ. ಚಿಕಿತ್ಸೆ ಮುಗಿಸಿ ಬಂದವನಿಗೆ ಕೆಲಸ ಕೊಡಿ. ಮತ್ತೆ ಹಿಡಿದರೆ ಮತ್ತೆ ಕರೆದುಕೊಂಡು ಹೋಗಿ. ಅವನ ಮಕ್ಕಳನ್ನು ಅವರ ಹೆಸರಿನಿಂದಲೇ ಕರೆಯಿರಿ.

ಇಷ್ಟು ಮಾಡಿದ ಮೇಲೂ ಕೆಲವರು ಉಳಿಯುವುದಿಲ್ಲ. ಕ್ಯಾನ್ಸರಿನಲ್ಲೂ ಎಲ್ಲರೂ ಉಳಿಯುವುದಿಲ್ಲ, ಹಾಗೆಂದು ಯಾರನ್ನೂ ನಾವು ಕೈಬಿಡುವುದಿಲ್ಲ. ಮನುಷ್ಯನಾಗಿ ಹುಟ್ಟಿದ ಯಾರಿಗೂ ಬರಬಹುದಾದ ಕಾಯಿಲೆ ಇದು. ನಾಳೆ ನಿಮ್ಮ ಮಗನಿಗೆ, ತಂಗಿಗೆ, ನಿಮಗೇ ಬರಬಹುದು. ಆವತ್ತು ನಿಮಗೆ ಬೇಕಾಗುವ ಮರ್ಯಾದೆಯನ್ನು ಇವತ್ತು ಇನ್ನೊಬ್ಬರಿಗೆ ಕೊಡದಿದ್ದರೆ, ಆವತ್ತು ಅದನ್ನು ಕೇಳುವ ಮುಖ ನಿಮಗಿರುವುದಿಲ್ಲ.